ಹಿತ್ತಾಳೆ ಗುಂಡು

ಆ ಜೀಪು ನಮ್ಮ ಬೀದಿಗೆ ಬಂದರೆ ನಾನು ಹೊರಗೆ ಹೋಗುವುದಿಲ್ಲ. ಹಾರನ್ನು ಕೇಳಿದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಡುತ್ತೇನೆ. ಸ್ನಾನಕ್ಕಲ್ಲ, ನೀರಿನ ಸದ್ದಿನಲ್ಲಿ ಇಂಜಿನ್ನಿನ ಸದ್ದು ಮುಳುಗಲಿ ಎಂದು. ಮುಳುಗುವುದಿಲ್ಲ. ಹದವಾಗಿ ಓಡುವ ಇಂಜಿನ್ನು ಕೂಗಾಡುವುದಿಲ್ಲ, ಕೆಳದನಿಯಲ್ಲಿ ಮಾತಾಡುತ್ತದೆ. ಆ ಕೆಳದನಿ ನೀರಿನ ಸದ್ದಿನ ಅಡಿಯಿಂದ ನುಸುಳಿ ನೇರವಾಗಿ ನನ್ನ ಕಿವಿಗೇ ಬರುತ್ತದೆ.

ಹೊರಗೆ ನನ್ನ ಹೆಂಡತಿಯ ಮಾತು. "ಬಾರಪ್ಪ, ಕುಂತ್ಕೊ. ನಿಮ್ಮಣ್ಣ ಬಚ್ಚಲಲ್ಲವ್ರೆ."

"ಈ ಒತ್ನಲ್ಲಾ?"

"ನಿನ್ ಜೀಪ್ ಸದ್ದು ಕೇಳುದ್ರೆ ಅವ್ರಿಗೆ ಮೈ ಉರೀತದೆ ಕಣಪ್ಪ. ನೀರು ಉಯ್ಕತಾವ್ರೆ."

ಇಬ್ಬರೂ ನಗುತ್ತಾರೆ. ಈ ಮಾತನ್ನು ಅವಳು ಒಂದೇ ಸಲ ಆಡಿದ್ದೋ ಪ್ರತಿ ಸಲವೂ ಆಡುವುದೋ ನನಗೆ ಖಚಿತವಿಲ್ಲ. ಒಂದು ಸಲ ಚುಚ್ಚಿದ್ದನ್ನು ನೆನಪು ದಿನವೂ ಚುಚ್ಚಿದ ಹಾಗೆ ತೋರಿಸುತ್ತದೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ಬಣ್ಣ ಹೊಡೆದು ಗಾಡಿ ಮಾರುವವರು ಮಾಡುವ ಕೆಲಸವೂ ಅದೇ. ನಾನೂ ಅಂಥ ಗಾಡಿಗಳನ್ನು ಕೊಂಡು ಮಾರಿದವನಾದ್ದರಿಂದ ಯಾವ ನೆನಪು ನುಣ್ಣಗೆ ಹೊಳೆಯುತ್ತದೋ ಅದನ್ನು ಮೊದಲು ಉಗುರಿನಲ್ಲಿ ಕೆರೆದು ನೋಡುತ್ತೇನೆ.

ಕೆರೆದ ಮೇಲೂ ಉಳಿಯುವುದು ಇಷ್ಟು. ಆ ಜೀಪು ನನ್ನದಾಗಿತ್ತು. ನಾನೇ ಅದನ್ನು ನನ್ನ ಷಡ್ಕನಿಗೆ, ಎಂದರೆ ನನ್ನ ಹೆಂಡತಿಯ ತಂಗಿಯ ಗಂಡನಿಗೆ, ಮಾರಿದೆ. ಮಾರಿದ ಮೇಲೆ ಅದು ನನಗೆ ವಾಪಸ್ಸು ಬೇಕಾಯಿತು. ಅದನ್ನು ಬಿಟ್ಟು ಬೇರೆ ಯಾವುದೂ ಬೇಡವಾಗುವಷ್ಟು ಬೇಕಾಯಿತು.

ನಾನು ಮಂಡ್ಯದಲ್ಲಿ ಕಚೇರಿ ಕೆಲಸದವನು. ಅವನು ಮದ್ದೂರಿನ ಹತ್ತಿರ, ಶಿವಪುರದಿಂದ ಒಳಗೆ ಹೋದರೆ ಸಿಗುವ ಹಳ್ಳಿಯವನು, ಕಬ್ಬು ಮತ್ತು ತೆಂಗಿನವನು. ಇಬ್ಬರಿಗೂ ಒಂದೇ ಚಟ. ಯಾರಿಗೂ ಬೇಡವಾದ ಜೀಪು, ಕಾರು, ಲಾರಿಗಳನ್ನು ಹುಡುಕಿ ತರುವುದು, ರಿಪೇರಿ ಮಾಡುವುದು, ಒಂದಷ್ಟು ದಿನ ಓಡಿಸುವುದು, ಮಾರಿ ಇನ್ನೊಂದನ್ನು ತರುವುದು. ನನ್ನ ಶೆಡ್ಡು ಹನಕೆರೆಯಲ್ಲಿ, ರೈಲು ಹೋದಾಗಲೆಲ್ಲ ತಗಡು ನಡುಗುವಷ್ಟು ಹಳಿಗೆ ಹತ್ತಿರ. ಅವನದು ಮನೆಯ ಹಿತ್ತಲಲ್ಲೇ, ಕೊಟ್ಟಿಗೆಗೆ ಅಂಟಿಕೊಂಡು. ಭಾನುವಾರ ಬಂತೆಂದರೆ ಅವನ ಹೆಂಡತಿ ಅವನಿಗೆ ಊಟವನ್ನು ಶೆಡ್ಡಿಗೇ ಕಳಿಸುತ್ತಾಳೆ. ನನ್ನ ಹೆಂಡತಿ ನನಗೆ ಫೋನು ಮಾಡಿ, ಅನ್ನ ಆರಿಹೋಯಿತು ಎಂದಷ್ಟೇ ಹೇಳಿ ಇಡುತ್ತಾಳೆ. ಅಸೂಯೆಯನ್ನು ಇಲ್ಲಿಂದಲೇ ಶುರುಮಾಡಬಹುದಿತ್ತು. ಆದರೆ ಅದು ಶುರುವಾದದ್ದು ಗುಂಡಿನಿಂದ.

ಗುಂಡಿನ ವಿಷಯ ಹೇಳಬೇಕಾದರೆ ಹಗ್ಗದ ವಿಷಯ ಹೇಳಬೇಕು. ನಮ್ಮ ಕಡೆ ದನ ಮಾರಿದವನು ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೇ ಹಗ್ಗ ಗೂಟದಲ್ಲೇ ಉಳಿದರೆ ಕೊಟ್ಟಿಗೆ ಮತ್ತೆ ತುಂಬುತ್ತದೆ ಎಂಬ ಲೆಕ್ಕ. ನಾನು ಮೊದಲ ಸಲ ಒಂದು ಗಾಡಿ ಮಾರಿದಾಗ, ಅದೊಂದು ಮೂತಿ ಮುಂದಕ್ಕೆ ಚಾಚಿದ ಹಳೇ ಲಾರಿ, ವ್ಯಾಪಾರ ಕುದುರಿಸಿದ ದಲ್ಲಾಳಿ ಮೊದಲು ದನದ ಸಂತೆಯಲ್ಲಿ ಪಳಗಿದವನು. ಈಗಲೂ ಅವನು ಲಾರಿಯ ದರವನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಹೇಳುತ್ತಾನೆ. ಕೊಂಡವನು ಸ್ಟೇರಿಂಗಿನ ಹಿಂದೆ ಹತ್ತಿ ಕೂತಾಗ ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದ.

"ಅಗ್ಗ ಬಿಚ್ಕಂಡ್ರಾ ಸಾ?"

"ಲಾರಿಗೆ ಎಲ್ಲಿಯ ಹಗ್ಗ?"

"ಏನಾರ ಒಂದು ಮಡಿಕಳಿ. ಎಲ್ಲಾನೂ ಕೊಟ್ಬುಟ್ರೆ ಕೊಟ್ಗೆ ಬರಿದಾಯ್ತದೆ."

ನಾನು ಲಾರಿ ಹತ್ತಿ ಕೈಗೆ ಸಿಕ್ಕಿದ್ದನ್ನು ತಿರುಚಿ ಬಿಚ್ಚಿಕೊಂಡೆ. ಗೇರ್ ರಾಡಿನ ತುದಿಯ ಗುಂಡು. ಕೊಂಡವನು ಬರಿ ರಾಡಿಗೆ ಟವೆಲ್ಲು ಸುತ್ತಿಕೊಂಡು ಓಡಿಸಿಕೊಂಡು ಹೋದ. ಅಲ್ಲಿಂದ ಮುಂದೆ ಈ ಮೂರು ತಾಲ್ಲೂಕಿನಲ್ಲಿ ಹಳೇ ಗಾಡಿಯ ಹುಚ್ಚಿರುವವರಲ್ಲಿ ಇದೇ ಕಟ್ಟಳೆಯಾಯಿತು. ನಾನೇ ಶುರು ಮಾಡಿದ್ದು ಎಂದು ನಾನು ಹೇಳುತ್ತೇನೆ. ತಾನೇ ಎಂದು ಷಡ್ಕ ಹೇಳುತ್ತಾನೆ. ದಲ್ಲಾಳಿಯನ್ನು ಕೇಳಿದರೆ ಅವನು ಯಾರ ಹತ್ತಿರ ವ್ಯಾಪಾರ ಇದೆಯೋ ಅವರ ಹೆಸರು ಹೇಳುತ್ತಾನೆ. ಅದೇನೇ ಇರಲಿ, ಈಗ ಗಾಡಿ ಕೊಳ್ಳಲು ಬರುವವರು ಜೇಬಿನಲ್ಲಿ ತಮ್ಮದೊಂದು ಗುಂಡು ಇಟ್ಟುಕೊಂಡೇ ಬರುತ್ತಾರೆ. ಮಾರಿದವರ ಮನೆಯಲ್ಲಿ ಗುಂಡುಗಳು ಉಳಿಯುತ್ತವೆ. ನನ್ನವು ಒಂದು ಬಿಸ್ಕತ್ತಿನ ಡಬ್ಬದಲ್ಲಿವೆ. ಕರಿಯವು, ಬಿಳಿಯವು, ಸವೆದು ಅಂಕಿ ಅಳಿಸಿಹೋದವು. ಅಲ್ಲಾಡಿಸಿದರೆ ಗೋಲಿ ಆಡುವ ಸದ್ದು.

ಜೀಪು ಸಿಕ್ಕಿದ್ದು ಹಲಗೂರಿನಲ್ಲಿ, ಒಂದು ಹಿಟ್ಟಿನ ಗಿರಣಿಯ ಹಿಂದೆ. ಒಳಗೆ ಕೋಳಿಗಳಿದ್ದವು. ನನ್ನ ನೆನಪಿನಲ್ಲಿ ಅದು ಹಸಿರು. ಅವತ್ತು ಜೊತೆಗೆ ಬಂದಿದ್ದ ಹೆಂಡತಿ ನೀಲಿ ಎನ್ನುತ್ತಾಳೆ. ಉಜ್ಜುವಾಗ ನೋಡಿದರೆ ಹಸಿರಿನ ಅಡಿಯಲ್ಲಿ ನೀಲಿ, ನೀಲಿಯ ಅಡಿಯಲ್ಲಿ ಮತ್ತೆ ಹಸಿರು ಇತ್ತು. ಆದ್ದರಿಂದ ಆ ಜಗಳ ತೀರಲಿಲ್ಲ. ಒಂದು ಕಾಲಕ್ಕೆ ಮಳವಳ್ಳಿಗೂ ಹಲಗೂರಿಗೂ ಜನ ತುಂಬಿಕೊಂಡು ಓಡಾಡುತ್ತಿದ್ದ ಸರ್ವೀಸ್ ಜೀಪು ಅದು. ಸೀಟು ಹರಿದು ತೆಂಗಿನ ನಾರು ಹೊರಬಂದಿತ್ತು, ನೆಲದಲ್ಲಿ ಕಾಲು ತೂರುವಷ್ಟು ತೂತು. ಆದರೆ ಗೇರ್ ರಾಡಿನ ತುದಿಯಲ್ಲಿ ಒಂದು ಹಿತ್ತಾಳೆ ಗುಂಡಿತ್ತು. ಯಾವನೋ ಹಳೇ ಡ್ರೈವರು ಲೇತಿನಲ್ಲಿ ಮಾಡಿಸಿ ಹಾಕಿಸಿದ್ದಂತೆ. ದೊಡ್ಡ ನಿಂಬೆಹಣ್ಣಿನಷ್ಟು. ಕೋಳಿ ಹಿಕ್ಕೆಯ ಕೆಳಗೂ ಅದು ಹಳದಿಯಾಗಿಯೇ ಇತ್ತು. ನಾನು ಜೀಪು ಕೊಂಡದ್ದು ಆ ಗುಂಡು ನೋಡಿ ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಾರದು. ಗಿರಣಿಯವನಿಗೆ ನಮ್ಮ ಕಟ್ಟಳೆ ಗೊತ್ತಿರಲಿಲ್ಲ, ಗುಂಡಿನ ಸಮೇತ ಕೊಟ್ಟ.

ಅದನ್ನು ಹನಕೆರೆಗೆ ಎಳೆಸಿಕೊಂಡು ಬಂದು ಕೆಲಸಕ್ಕೆ ಕೂತೆ. ನೆಲಕ್ಕೆ ಬೆಸುಗೆ ಹಾಕಿಸಿದೆ. ಬ್ರೇಕು ಹೊಸದು ಮಾಡಿದೆ. ಇಂಜಿನ್ನನ್ನು ಬಿಚ್ಚಿ ಹರಡಿ ಮತ್ತೆ ಕೂಡಿಸಿದೆ. ಎಲ್ಲ ಸರಿಹೋಯಿತು, ಎರಡನೇ ಗೇರು ಒಂದನ್ನು ಬಿಟ್ಟು. ಹಾಕಿದರೆ ಬೀಳುತ್ತಿತ್ತು, ಸ್ವಲ್ಪ ದೂರ ಹೋಗಿ ದಾರಿ ಎಗುಡುದಿಗುಡಾದರೆ ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಟಕ್ ಎಂಬ ಸದ್ದು, ಆಮೇಲೆ ಇಂಜಿನ್ನಿನ ಅರಚಾಟ, ಗಾಡಿ ಮಾತ್ರ ತನ್ನ ಪಾಡಿಗೆ ತಾನು ಉರುಳಿಕೊಂಡು ಹೋಗುವುದು. ಗೇರುಪೆಟ್ಟಿಗೆಯನ್ನು ಪೂರ್ತಿ ಇಳಿಸಿ, ಸವೆದದ್ದನ್ನೆಲ್ಲ ಬದಲಿಸಿ ಏರಿಸಿದೆ. ಟಕ್. ಮತ್ತೆ ಇಳಿಸಿದೆ. ಮತ್ತೆ ಟಕ್. ಕೊನೆಗೆ ಎಡಗೈಯಲ್ಲಿ ರಾಡನ್ನು ಒತ್ತಿ ಹಿಡಿದೇ ಓಡಿಸುವುದು ಅಭ್ಯಾಸವಾಯಿತು. ಹಿತ್ತಾಳೆ ಗುಂಡು ಅಂಗೈಯಲ್ಲಿ ಕಾದು ಬೆಚ್ಚಗಾಗುತ್ತಿತ್ತು. ಯಾರಾದರೂ ದಾರಿಯಲ್ಲಿ ಕೈ ಬೀಸಿದರೆ ವಾಪಸ್ಸು ಬೀಸಲು ನನಗೆ ಕೈ ಇರಲಿಲ್ಲ.

ಬೇಸರ ಬಂತು. ಅದೇ ಹೊತ್ತಿಗೆ ಮಂಡ್ಯದಲ್ಲೇ ಒಂದು ಹಳೇ ಕಾರು ಕಣ್ಣಿಗೆ ಬಿದ್ದಿತ್ತು. ಷಡ್ಕ ಬಂದು ಜೀಪನ್ನು ಸುತ್ತು ಹಾಕಿ ನೋಡಿ, "ಕೊಟ್ಬುಡಣ್ಣ, ಕಬ್ಬಿನ್ ಗದ್ದೆಗೆ ಓಡಾಡಕ್ಕಾಯ್ತದೆ" ಎಂದ. ಕೊಟ್ಟೆ. ಎರಡನೇ ಗೇರಿನ ವಿಷಯವನ್ನೂ ಹೇಳಿದೆ. ಹಿತ್ತಾಳೆ ಗುಂಡನ್ನು ಬಿಚ್ಚಿಕೊಂಡೆ. ಅವನು ಗುಂಡು ತಂದಿರಲಿಲ್ಲ. ಬರಿ ರಾಡನ್ನು ಅಂಗಿಯ ಚುಂಗಿನಲ್ಲಿ ಹಿಡಿದುಕೊಂಡು ಹೊರಟ. ಡಬ್ಬದಲ್ಲಿರುವ ಗುಂಡುಗಳಲ್ಲೆಲ್ಲ ಒಳ್ಳೆಯದು ನನ್ನ ಪಾಲಿಗೆ ಬಂತೆಂದು ಅವತ್ತು ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದೆ.

ಆಮೇಲಿನ ಯಾವುದೋ ಭಾನುವಾರ ಅವನು ಜೀಪಿನಲ್ಲೇ ಹನಕೆರೆಗೆ ಬಂದ. ರೈಲ್ವೆ ಗೇಟಿನ ಕಡೆಯಿಂದ ಬರುವುದು ಕಾಣಿಸಿತು. ನಾನು ಮೊದಲು ನೋಡಿದ್ದು ಅವನ ಎಡಗೈಯನ್ನು. ಅದು ಗೇರಿನ ಮೇಲಿರಲಿಲ್ಲ. ಗಾಳಿಯಲ್ಲಿತ್ತು, ನನ್ನ ಕಡೆ ಬೀಸುತ್ತಿತ್ತು. ಗಾಡಿ ಎರಡನೇ ಗೇರಿನಲ್ಲಿ, ಹಳ್ಳ ದಿಣ್ಣೆಯ ಮೇಲೆ, ಬಸುರಿ ಹೆಂಗಸು ನಡೆದ ಹಾಗೆ ನಿಧಾನವಾಗಿ ಬರುತ್ತಿತ್ತು.

"ಏನ್ ಮಾಡ್ದೆ ಅದಕ್ಕೆ?" ಎಂದೆ.

"ಏನಿಲ್ಲ ಕಣಣ್ಣ. ಮುಚ್ಚಳ ಬಿಚ್ಚಿ ಫೋರ್ಕ ವಸಿ ಉಜ್ದೆ. ಸರಿ ಓಯ್ತು."

ಫೋರ್ಕೆಂದರೆ ಗೇರಿನ ಹಲ್ಲುಚಕ್ರಗಳನ್ನು ಅತ್ತಿತ್ತ ತಳ್ಳುವ ಕವೆ. ಅದನ್ನು ನಾನು ಹೊಸದೇ ಹಾಕಿಸಿದ್ದೆ.

"ವಸಿ ಅಂದ್ರೆ ಎಷ್ಟು?"

"ವಸಿ ಅಂದ್ರೆ ವಸಿ."

ರಾಡಿನ ತುದಿಯಲ್ಲಿ ಅವನು ಸಿಕ್ಕಿಸಿದ್ದು ಮಕ್ಕಳ ಬುಗುರಿ. ಮೊಳೆ ಕಿತ್ತು ತೂತು ಕೊರೆದು ತಿರುಚಿದ್ದ. ಕೆಂಪು ಬಣ್ಣ ಅರ್ಧ ಹೋಗಿತ್ತು. ಅಂಥ ಜೀಪಿಗೆ ಅಂಥ ಗುಂಡು. ನನಗೆ ಅಷ್ಟೊಂದು ಸಿಟ್ಟು ಬಂದದ್ದು ಬುಗುರಿಗೋ ಬೀಸುತ್ತಿದ್ದ ಎಡಗೈಗೋ ಬೇರೆ ಮಾಡಿ ಹೇಳಲಾರೆ.

ಆಮೇಲೆ ಅವನು ಜೀಪಿಗೆ ಬಣ್ಣ ಹೊಡೆಸಿದ. ಹಸಿರೂ ಅಲ್ಲ, ನೀಲಿಯೂ ಅಲ್ಲ, ಮಜ್ಜಿಗೆಯ ಬಣ್ಣ. ಹೊಸ ಟಾರ್ಪಾಲು ಕಟ್ಟಿದ. ಮಳವಳ್ಳಿಯಲ್ಲಿರುವ ನಮ್ಮಿಬ್ಬರ ಮಾವನನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಮಾವ ನನಗೆ ಫೋನಿನಲ್ಲಿ, "ಸಣ್ಣಳಿಯಂದ್ರ ಜೀಪಲ್ಲಿ ಓದ್ರೆ ಒಟ್ಟೆಲಿರೋ ನೀರೂ ಅಳ್ಳಾಡಕಿಲ್ಲ ಕಣಪ್ಪ" ಎಂದರು. ನನ್ನ ಕಾಲದಲ್ಲಿ ಅದೇ ಜೀಪಿನಲ್ಲಿ ಅವರು ಒಮ್ಮೆ ಕೂತು, ಇಳಿದು, ಸೊಂಟ ಹಿಡಿದುಕೊಂಡು ಬಸ್ಸಿಗೆ ಹೋಗಿದ್ದರು. ಅದು ಅವರಿಗೆ ನೆನಪಿಲ್ಲ. ಅವರ ಪ್ರಕಾರ ಜೀಪು ಶುರುವಾದದ್ದೇ ಸಣ್ಣಳಿಯಂದಿರಿಂದ.

ನನಗೆ ಅದು ವಾಪಸ್ಸು ಬೇಕಾದದ್ದು ಆಗ. ನೇರವಾಗಿ ಕೇಳಲು ಬಾಯಿ ಬರಲಿಲ್ಲ. ದಲ್ಲಾಳಿಯನ್ನು ಕಳಿಸಿದೆ, ಯಾರೋ ಮೈಸೂರಿನವರಿಗೆ ಬೇಕಂತೆ ಎಂದು ಹೇಳು ಎಂದೆ. ಅವನು ಶಿವಪುರದ ಹತ್ತಿರ ಟೀ ಅಂಗಡಿಯ ಮುಂದೆ ಷಡ್ಕನ ಕೈಯನ್ನು ಟವೆಲ್ಲಿನ ಅಡಿಗೆ ಎಳೆದುಕೊಂಡು ಬೆರಳು ಅದುಮಿದ. ಷಡ್ಕ ಸ್ವಲ್ಪ ಹೊತ್ತು ಅವನ ಬೆರಳು ಹಿಡಿದುಕೊಂಡೇ ಇದ್ದನಂತೆ.

"ಇದು ಮೈಸೂರಿನ್ ಬೆಳ್ಳಲ್ಲ ಕಣ್ಲಾ. ಅಣ್ಣನ್ ಬೆಳ್ಳು. ಬೇಕಾದ್ರೆ ಅವ್ನೇ ಬರ್ಲಿ ಅನ್ನು, ಆದ್ರೂ ಕೊಡಕಿಲ್ಲ."

ದಲ್ಲಾಳಿ ಇದನ್ನು ನನಗೆ ಬಂದು ಹೇಳಿ, ತನ್ನ ಬಸ್ ಚಾರ್ಜು ಕೇಳಿದ. ಮಿಕ್ಕ ಗಾಡಿಗಳನ್ನೆಲ್ಲ ಷಡ್ಕ ಮಾರುತ್ತಿದ್ದ. ಕಾರು ತಂದ, ಮಾರಿದ. ಟ್ರೇಲರು ತಂದ, ಮಾರಿದ. ಜೀಪು ಮಾತ್ರ ಕದಲಲಿಲ್ಲ. ನನ್ನ ಶೆಡ್ಡಿನಲ್ಲಿ ಮಂಡ್ಯದ ಕಾರು ಇಟ್ಟಿಗೆಯ ಮೇಲೆ ನಿಂತಿತ್ತು. ಅದರ ಕೆಲಸ ಮಾಡಲು ಮಲಗಿದರೆ ನನ್ನ ಕಣ್ಣಿಗೆ ಕಾಣಿಸುತ್ತಿದ್ದುದು ಜೀಪಿನ ಹೊಟ್ಟೆ. ಅಲ್ಲಿ ನಾನು ಬದಲಿಸಿದ ಒಂದೊಂದು ಬೋಲ್ಟೂ ನನಗೆ ಗೊತ್ತಿತ್ತು. ಅವುಗಳ ಮೇಲೆ ಅವನು ಮಜ್ಜಿಗೆ ಬಣ್ಣ ಬಳಿಸಿದ್ದ. ಬೋಲ್ಟುಗಳು ಯಾರವು ಎಂದು ಹಾದಿಯಲ್ಲಿ ನೋಡುವ ಯಾರಿಗೆ ಗೊತ್ತಾಗಬೇಕು?

ಇಂಥ ಹೊತ್ತಿನಲ್ಲಿ ಅವನಿಗೆ ನನ್ನಿಂದ ಏನೋ ಒಂದು ಬೇಕಾಯಿತು. ಮಳವಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಹಲಗೂರು ಕಡೆಯ ಮುದುಕನೊಬ್ಬ ಜೀಪನ್ನು ಗುರುತು ಹಿಡಿದು, ಒಳಗೆ ಇಣುಕಿ, "ಇತ್ತಾಳೆ ಗುಂಡೆಲ್ಲಪ್ಪ? ಇದು ಅದೇ ಗಾಡಿಯಾದ್ರೆ ಗುಂಡಿರ್ಬೇಕಲ್ಲ" ಎಂದನಂತೆ. ಅವತ್ತಿನಿಂದ ಷಡ್ಕನಿಗೆ ನಿದ್ದೆ ಬರಲಿಲ್ಲ ಎಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳು. ನನಗೆ ಅದು ಬಹಳ ದಿನಗಳ ಮೇಲೆ ಕೇಳಿದ ಒಳ್ಳೆಯ ಸುದ್ದಿ.

ಅವನು ಬಂದ. ನಾನು ಬಚ್ಚಲಿಗೆ ಹೋಗಲಿಲ್ಲ. ಜಗಲಿಯಲ್ಲೇ ಕೂತಿದ್ದೆ.

"ಆ ಗುಂಡು ಕೊಟ್ಬುಡಣ್ಣ. ಜೀಪು ತಲೆ ಇಲ್ದಂಗದೆ."

"ಬುಗುರಿ ಇದೆಯಲ್ಲ."

"ಅದ ನೋಡಿ ಮಕ್ಳು ನಗ್ತವೆ ಕಣಣ್ಣ."

"ದನ ಮಾರಿ ಹಗ್ಗ ಕೊಡೋರುಂಟಾ?"

"ದನ ಬೇರೆ, ಜೀಪ್ ಬೇರೆ."

"ಹಂಗಂತ ಯಾರು ಹೇಳ್ದೋರು? ಈ ಕಟ್ಟಳೆ ಶುರು ಮಾಡಿದ್ದೇ ನೀನು ಅಂತೀಯಲ್ಲ."

ಅವನು ತಲೆ ಕೆರೆದುಕೊಂಡು ನಕ್ಕ. ಕಾಫಿ ಕುಡಿದು ಹೋದ. ನಾನು ಒಳಗೆ ಬಂದು ಡಬ್ಬ ತೆಗೆದು ಗುಂಡನ್ನು ಅಂಗೈಯಲ್ಲಿಟ್ಟುಕೊಂಡೆ. ಜೀಪು ಅವನದು, ಆದರೆ ಜೀಪು ಇಡಿಯಾಗುವುದು ನನ್ನ ಅಂಗೈಯಲ್ಲಿ. ಅದೊಂದು ಸುಖ. ಸಣ್ಣದೇ, ಆದರೆ ತೂಕವಿತ್ತು.

ಆಯುಧಪೂಜೆಯ ಮಾರನೆಯ ದಿನ ಇಬ್ಬರು ಹೆಣ್ಣುಮಕ್ಕಳೂ ಗಂಡಂದಿರೂ ಮಳವಳ್ಳಿಯ ಮಾವನ ಮನೆಯಲ್ಲಿ ಸೇರುವುದು ವಾಡಿಕೆ. ನಾವು ಬಸ್ಸಿನಲ್ಲಿ ಹೋದೆವು. ನನ್ನ ಗಾಡಿಗಳು ಯಾವುವೂ ಅವತ್ತು ಓಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ಗಾಡಿಗಳು ಯಾವತ್ತೂ ಅಷ್ಟೆ. ಜೀಪು ಆಗಲೇ ಅಂಗಳದಲ್ಲಿತ್ತು. ಮೂತಿಗೆ ವಿಭೂತಿ, ಹಿಂದಿನ ದಿನದ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ಜಜ್ಜಿದ ನಿಂಬೆಹಣ್ಣಿನ ಸಿಪ್ಪೆ ಇನ್ನೂ ಟೈರಿಗೆ ಅಂಟಿತ್ತು.

ಊಟವಾಯಿತು. ಮಾವ ಎಲೆ ಅಡಿಕೆ ಹಾಕಿಕೊಂಡು, ಹಲಗೂರಿನವರೆಗೂ ಒಂದು ಸುತ್ತು ಹೋಗಿಬರೋಣ, ಹಳೇ ಕಾಲದಲ್ಲಿ ಹೋದ ಹಾಗೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ದೊಡ್ಡಳಿಯಂದ್ರೆ, ಆ ಗುಂಡು ನಿಮ್ತವೇ ಅದಂತಲ್ಲ. ಇವತ್ತೊಂದಿನ ಆಕಳ್ಳಿ ಬುಡಿ. ನಾವೂ ನೋಡುವಾ."

ಇಲ್ಲಿ ನನ್ನ ನೆನಪಿಗೂ ಹೆಂಡತಿಯ ನೆನಪಿಗೂ ತಾಳೆಯಿಲ್ಲ. ನನ್ನ ನೆನಪಿನಲ್ಲಿ ಗುಂಡು ನನ್ನ ಜುಬ್ಬದ ಜೇಬಿನಲ್ಲೇ ಇತ್ತು, ಬೆಳಿಗ್ಗೆ ಹೊರಡುವಾಗ ನಾನೇ ಹಾಕಿಕೊಂಡಿದ್ದೆ, ಮನಸ್ಸು ದೊಡ್ಡದು ಮಾಡಿ. ಅವಳ ಪ್ರಕಾರ ಅದನ್ನು ಡಬ್ಬದಿಂದ ತೆಗೆದು ಒಬ್ಬಟ್ಟಿನ ಡಬ್ಬಿಯ ಪಕ್ಕದಲ್ಲಿ ಸುತ್ತಿ ಇಟ್ಟುಕೊಂಡು ಬಂದವಳು ಅವಳು, ಮಾವ ಕೇಳಿದಾಗ ಚೀಲದಿಂದ ತೆಗೆದು ಕೊಟ್ಟವಳೂ ಅವಳೇ, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಗುಂಡಿಗೆ ತುಪ್ಪದ ಜಿಡ್ಡು ಅಂಟಿತ್ತೆಂಬುದು ನನಗೂ ನೆನಪಿದೆ. ಆದ್ದರಿಂದ ಅವಳು ಹೇಳುವುದೇ ನಿಜವಿರಬೇಕು.

ಷಡ್ಕ ಬುಗುರಿಯನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಮೇಲಿಟ್ಟ. ಹಿತ್ತಾಳೆ ಗುಂಡನ್ನು ಪಂಚೆಯಲ್ಲಿ ಒರೆಸಿ, ರಾಡಿಗೆ ತಿರುಚಿ, ಹಿಂದೆ ಸರಿದು ನೋಡಿದ. ಮಾವ ತಲೆಯಾಡಿಸಿದರು. ನನಗೂ ಒಪ್ಪಲೇಬೇಕಾಯಿತು. ಮಜ್ಜಿಗೆ ಬಣ್ಣದ ನಡುವೆ ಆ ಹಳದಿ ಕೂತಾಗ ಜೀಪು ಮೊದಲ ಸಲ ಮುಗಿದ ಹಾಗೆ ಕಂಡಿತು. ನನ್ನಿಂದ ಮುಗಿಯದೆ ಉಳಿದದ್ದು ನನ್ನ ಕಣ್ಣೆದುರಿಗೇ ಇನ್ನೊಬ್ಬನ ಕೈಯಲ್ಲಿ ಮುಗಿಯಿತು.

ಅವನು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ, ಮಾವ ಹಿಂದೆ. ಮಳವಳ್ಳಿ ದಾಟುವವರೆಗೆ ಜೀಪು ಚೆನ್ನಾಗಿ ಹೋಯಿತು. ಹಲಗೂರು ರಸ್ತೆಯಲ್ಲಿ ಒಂದು ಕಡೆ ಟಾರು ಕಿತ್ತು ಹಾಕಿ ಕೆಲಸ ನಡೆಯುತ್ತಿತ್ತು. ಅವನು ಎರಡನೇ ಗೇರಿಗೆ ಇಳಿಸಿ, ಕೈ ತೆಗೆದು, ಪಕ್ಕದ ಕಬ್ಬಿನ ಗದ್ದೆಯನ್ನು ತೋರಿಸಲು ಹೋದ.

ಟಕ್.

ಇಂಜಿನ್ನು ಅರಚಿತು. ಷಡ್ಕ ಗಾಬರಿಯಾಗಿ ಮತ್ತೆ ಗೇರಿಗೆ ಹಾಕಿದ. ನಾಲ್ಕು ಹಳ್ಳ ದಾಟುವಷ್ಟರಲ್ಲಿ ಮತ್ತೆ ಟಕ್. ಈ ಸಲ ಅವನು ಎಡಗೈಯಲ್ಲಿ ರಾಡನ್ನು ಒತ್ತಿ ಹಿಡಿದುಕೊಂಡ. ಭುಜ ಒಂದು ಕಡೆ ವಾಲಿತು, ಮುಖ ಬಿಗಿಯಿತು. ಆ ಭಂಗಿ ನನಗೆ ಗೊತ್ತಿತ್ತು. ಅದು ನಾನು.

"ಏನಾಯ್ತಪ್ಪ ಅದ್ಕೆ?" ಎಂದರು ಹಿಂದಿನಿಂದ ಮಾವ.

"ಗೊತ್ತಿಲ್ಲ ಮಾವ. ಇಷ್ಟ್ ದಿನ ಇಂಗಾಗಿರ್ಲಿಲ್ಲ."

ನನಗೆ ಆದ ಸಂತೋಷವನ್ನು ಇಲ್ಲಿ ಸಣ್ಣದು ಮಾಡಿ ಬರೆಯಬಹುದು. ಬರೆಯುವುದಿಲ್ಲ. ಹೊಟ್ಟೆತುಂಬ ಎಳನೀರು ಕುಡಿದ ಹಾಗೆ ಆಯಿತು. ವಸಿ ಉಜ್ಜಿದೆ ಅಂದಿದ್ದೆಯಲ್ಲ, ಉಜ್ಜು ಈಗ, ಎಂದು ಒಳಗೊಳಗೇ ಹೇಳಿಕೊಂಡೆ. ಆ ಸಂತೋಷದಲ್ಲೇ ಅವನ ಕೈಯ ಕಡೆ ನೋಡುತ್ತಿದ್ದೆ. ಬೆರಳುಗಳ ಸಂದಿಯಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು. ಜೀಪು ಕುಲುಕಿದಾಗಲೆಲ್ಲ ಉದ್ದನೆಯ ರಾಡು ಆ ಗುಂಡಿನ ಭಾರಕ್ಕೆ ತೂಗಾಡಲು ಹೋಗಿ ಅವನ ಅಂಗೈಯಲ್ಲಿ ಒದೆಯುತ್ತಿತ್ತು. ಕಟ್ಟಿಹಾಕಿದ ಕರುವಿನ ತಲೆಯ ಹಾಗೆ.

ಆಗ ನಾನು ನಗುವುದನ್ನು ನಿಲ್ಲಿಸಿರಬೇಕು.

"ಕೈ ತೆಗಿ" ಎಂದೆ.

"ತೆಗುದ್ರೆ ಬಿದ್ದೋಯ್ತದೆ ಕಣಣ್ಣ."

"ತೆಗಿ ಅಂದೆ."

ಅವನು ಕೈ ತೆಗೆದ. ಗಾಡಿ ಓಡುತ್ತಿದ್ದ ಹಾಗೇ ನಾನು ಗುಂಡನ್ನು ತಿರುಚಿ ಬಿಚ್ಚಿಕೊಂಡೆ. ಬರಿ ರಾಡು ನಿಂತಿತು. ಹಳ್ಳ ಬಂತು, ದಿಣ್ಣೆ ಬಂತು, ಜಲ್ಲಿಯ ರಾಶಿಯ ಅಂಚು ಬಂತು. ಗೇರು ಕದಲಲಿಲ್ಲ. ರಸ್ತೆ ಕೆಲಸ ಮುಗಿದು ಒಳ್ಳೆಯ ಟಾರು ಸಿಗುವವರೆಗೂ ಮೂವರೂ ಆ ರಾಡನ್ನೇ ನೋಡುತ್ತಿದ್ದೆವು. ರಸ್ತೆ ನೋಡುವವರು ಯಾರೂ ಇರಲಿಲ್ಲ.

ಷಡ್ಕ ಜೀಪನ್ನು ಒಂದು ಹುಣಿಸೆಮರದ ಕೆಳಗೆ ನಿಲ್ಲಿಸಿದ. ಇಂಜಿನ್ನು ಆರಿಸಲಿಲ್ಲ.

"ಅಂಗಾರೆ ನಾನು ಫೋರ್ಕು ಉಜ್ಜಿದ್ದು?"

"ಸುಮ್ನೆ ಉಜ್ಜಿದ್ದು."

"ನೀನು ಗೇರ್ ಡಬ್ಬಿ ಇಳ್ಸಿದ್ದು?"

ನಾನು ಗುಂಡನ್ನು ಜುಬ್ಬದ ಜೇಬಿಗೆ ಹಾಕಿಕೊಂಡೆ. ಗೇರುಪೆಟ್ಟಿಗೆ ಇಳಿಸಿ ಏರಿಸಿ, ಮತ್ತೆ ಇಳಿಸಿ ಏರಿಸಿದ ಆ ಎಲ್ಲ ಭಾನುವಾರಗಳಲ್ಲೂ ರೋಗ ನನ್ನ ಅಂಗೈಯಲ್ಲೇ ಬೆಚ್ಚಗೆ ಕೂತಿತ್ತು. ಮಾರಿದ ದಿನ ಅದನ್ನು ಬಿಚ್ಚಿ ಡಬ್ಬಕ್ಕೆ ಹಾಕಿಕೊಂಡು, ವಾಸಿಯಾದ ಜೀಪನ್ನು ಅವನ ಕೈಗೆ ಕೊಟ್ಟು ಕಳಿಸಿದ್ದೆ. ಬರಿ ರಾಡನ್ನು ಅಂಗಿಯಲ್ಲಿ ಹಿಡಿದುಕೊಂಡು ಅವನು ಶೆಡ್ಡಿನಿಂದ ಹೊರಗೆ ತಿರುಗಿದ ಗಳಿಗೆಯಲ್ಲೇ ಅದು ಗುಣವಾಗಿತ್ತು. ಇಷ್ಟು ದಿನ ನಾನು ಹೊಟ್ಟೆಕಿಚ್ಚು ಪಟ್ಟದ್ದು ನಾನೇ ಮಾಡಿದ ರಿಪೇರಿಗೆ. ಇದರಿಂದ ಸಮಾಧಾನವಾಗಬೇಕಿತ್ತು. ಅವನ ಮುಖವನ್ನು ನೋಡಿದೆ. ಸೋತ ಮುಖ ಹೇಗಿರುತ್ತದೆಂದು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಅದು ಹಾಗಿರಲಿಲ್ಲ. ಅವನು ತುಟಿ ಕಚ್ಚಿಕೊಂಡು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಆಮೇಲೆ ಬೆನ್ನು ಅಲ್ಲಾಡತೊಡಗಿತು. ಅವನು ನಗುತ್ತಿದ್ದ.

"ಗುಂಡೇ ಕಾಯ್ಲೆ ಕಣಣ್ಣ. ಥೂ, ನಮ್ ಬುದ್ಧಿಗಿಷ್ಟು. ಗುಂಡೇ ಕಾಯ್ಲೆ."

ಮಾವನೂ ನಕ್ಕರು. ನಾನೂ ನಕ್ಕೆ ಎಂದು ಷಡ್ಕ ಹೇಳುತ್ತಾನೆ.

ಹಲಗೂರಿನವರೆಗೂ ಹೋಗದೆ ವಾಪಸ್ಸು ತಿರುಗಿಸಿದೆವು. ದಾರಿಯುದ್ದಕ್ಕೂ ನಾನು ಅಂಗಳದಲ್ಲಿ ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಮೊದಲು ಟಕ್ ಎಂಬ ಸದ್ದು, ಆಮೇಲೆ ಅವನ ಕೈ, ಆಮೇಲೆ ನನ್ನ ಕೈ. ಕೊನೆಗೆ ಫೋರ್ಕಿನ ಮಾತು. ಅದಕ್ಕೆ ಅವನ ಹೆಂಡತಿ ಏನು ಹೇಳುತ್ತಾಳೆಂದು ಕೇಳುವ ಆಸೆಯಿತ್ತು.

ಜೀಪು ನಿಲ್ಲುವ ಮೊದಲೇ ಅವನು ಶುರುಮಾಡಿದ. ಇಳಿಯುತ್ತ ಇಳಿಯುತ್ತಲೇ, ಕೈ ಬೀಸಿಕೊಂಡು, ತನ್ನನ್ನೇ ಬೈದುಕೊಂಡು. ಫೋರ್ಕು ಉಜ್ಜಿದ್ದನ್ನು ಅವನೇ ಹೇಳಿದ, ತೊಡೆ ತಟ್ಟಿಕೊಂಡು, "ನಾನೇನೋ ದೊಡ್ ಮೇಸ್ತ್ರಿ ಅಂತ ತೇಯ್ದಿದ್ದೇ ತೇಯ್ದಿದ್ದು" ಎಂದು. ಹೆಂಗಸರು ಕಣ್ಣೀರು ಬರುವ ಹಾಗೆ ನಕ್ಕರು. ಮೊದಲ ಸಲ ಹೇಳಿದಾಗ ಗುಂಡು ಬಿಚ್ಚಿದವನು ನಾನು. ಅಕ್ಕಪಕ್ಕದವರು ಬಂದ ಮೇಲೆ ಎರಡನೇ ಸಲ ಹೇಳಿದಾಗ, "ಬಿಚ್ಚಿ ನೋಡುವಾ ಅಂದ್ವಿ" ಎಂದಾಯಿತು. ಕಾಫಿಯ ಹೊತ್ತಿಗೆ, ರಾಡು ಅಂಗೈಯಲ್ಲಿ ಒದೆಯುತ್ತಿದ್ದುದನ್ನು ಕಂಡದ್ದೂ ಗುಂಡು ಬಿಚ್ಚಿದ್ದೂ ಅವನೇ ಆಗಿದ್ದ. ಸುಳ್ಳು ಹೇಳುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ. ಅವನ ನೆನಪು ಅಷ್ಟು ಬೇಗ ಬಣ್ಣ ಹಿಡಿಯುತ್ತದೆ. ಮಾವ ಅಲ್ಲೇ ಕೂತಿದ್ದರು, ತಿದ್ದಲಿಲ್ಲ. ಕಥೆ ಅವನ ಬಾಯಲ್ಲಿ ಎರಡನೇ ಗೇರಿನಲ್ಲಿ ಹೋದ ಜೀಪಿನ ಹಾಗೆ ಸಲೀಸಾಗಿ ಹೋಗುತ್ತಿತ್ತು.

ಕೊನೆಗೆ ಅವನು ನನ್ನ ಹೆಗಲ ಮೇಲೆ ಕೈಹಾಕಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಜೀಪ್ ವಾಸಿ ಮಾಡ್ದೋನು ನಾನಲ್ಲ ಅಂದ್ಮೇಲೆ ನಂಗ್ಯಾಕಣ್ಣ ಅದು? ನೀನೇ ಮಡಿಕೊ. ಈಗ್ಲೇ ತಕ್ಕೊಂಡೋಗು. ಬುಗುರಿ ಒಂದ್ ನಾನಿಟ್ಕತೀನಿ, ಕಟ್ಲೆ ಪ್ರಕಾರ."

ಎಲ್ಲರೂ ನನ್ನ ಕಡೆ ನೋಡಿದರು. ಮಜ್ಜಿಗೆ ಬಣ್ಣದ ಜೀಪು ಅಂಗಳದಲ್ಲಿ ನಿಂತಿತ್ತು, ಬಾಡಿದ ಹಾರದ ಸಮೇತ. ನನಗೆ ಅದು ಬೇಕಾಗಿತ್ತು. ಆ ಗಳಿಗೆಯಲ್ಲೂ ಬೇಕಾಗಿತ್ತು. ದಲ್ಲಾಳಿಯ ಟವೆಲ್ಲಿನ ಅಡಿಯಲ್ಲಿ ಬೆರಳು ಕಳಿಸಿ ಕೇಳಿದ್ದನ್ನು ಅವನು ಹೀಗೆ ಬಯಲಲ್ಲಿ, ಕಾಫಿ ಲೋಟ ಚಾಚಿದಷ್ಟು ಸುಲಭವಾಗಿ ಚಾಚುತ್ತಿದ್ದ. ತೆಗೆದುಕೊಂಡರೆ ಅದು ನನ್ನ ಜೀಪಾಗುತ್ತಿರಲಿಲ್ಲ, ಅವನು ಕೊಟ್ಟ ಜೀಪಾಗುತ್ತಿತ್ತು. ಹಾದಿಯಲ್ಲಿ ಯಾರೇ ಕೇಳಿದರೂ ಮಾವ ಅದನ್ನೇ ಹೇಳುತ್ತಿದ್ದರು.

"ಬೇಡ. ಶೆಡ್ಡಲ್ಲಿ ಜಾಗ ಇಲ್ಲ" ಎಂದೆ.

ಹೆಂಡತಿ ನನ್ನ ಮುಖವನ್ನು ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಹಬ್ಬಕ್ಕೆ ಬಂದವಳು ಎರಡು ದಿನ ತವರಿನಲ್ಲೇ ಉಳಿದಳು. ಷಡ್ಕ ಬುಗುರಿಯನ್ನು ರಾಡಿಗೆ ತಿರುಗಿಸಿಕೊಂಡು, ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಬಾ ಎಂದ. ನಡೆದೇ ಹೋಗುತ್ತೇನೆ ಎಂದೆ. ಅವನು ಮದ್ದೂರಿನ ರಸ್ತೆ ಹಿಡಿದ, ಎಡಗೈ ಬೀಸಿಕೊಂಡು.

ಮಂಡ್ಯದ ಬಸ್ಸಿನಲ್ಲಿ ನನಗೆ ಡ್ರೈವರನ ಪಕ್ಕದ ಉದ್ದನೆಯ ಸೀಟು ಸಿಕ್ಕಿತು. ಜೇಬಿನಲ್ಲಿದ್ದ ಗುಂಡಿನ ಭಾರಕ್ಕೆ ಜುಬ್ಬ ಒಂದು ಕಡೆ ಜೋತುಬಿದ್ದಿತ್ತು. ಎದುರಿಗೆ ಬಸ್ಸಿನ ಗೇರ್ ರಾಡು, ಮನುಷ್ಯನ ಸೊಂಟದೆತ್ತರ, ತುದಿಯಲ್ಲಿ ಕರಿಯ ಗುಂಡು. ಅದಕ್ಕೆ ಹಳೇ ಟ್ಯೂಬಿನ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಸೀಟಿನ ಕಾಲಿಗೆ ಬಿಗಿದಿದ್ದರು. ಗೇರು ಹಾಕಿದ ಮೇಲೆ ಡ್ರೈವರು ಆ ಪಟ್ಟಿಯನ್ನು ಎಳೆದು ಸಿಕ್ಕಿಸುತ್ತಿದ್ದ. ಒಂದಷ್ಟು ದೂರ ನೋಡಿದೆ. ಆಮೇಲೆ ತಡೆದುಕೊಳ್ಳಲಾಗಲಿಲ್ಲ. ಈ ಕಥೆಯನ್ನು ನಾನು ಯಾರಿಗಾದರೂ ಮೊದಲು ಹೇಳಬೇಕಿತ್ತು.

"ಗೇರು ನಿಲ್ಲಲ್ವಾ?" ಎಂದೆ.

"ನಿಲ್ಲಕಿಲ್ಲ ಸಾ. ಎಗ್ರಿ ಬತ್ತದೆ."

"ಆ ಗುಂಡು ಬಿಚ್ಚಿ ನೋಡಿ."

ಅವನು ಕನ್ನಡಿಯಲ್ಲಿ ನನ್ನನ್ನು ಒಂದು ಸಲ ನೋಡಿದ. ಕುಡಿದಿದ್ದಾನೋ ಇಲ್ಲವೋ ಎಂದು ತೂಗುವ ನೋಟ.

"ಇದ ಬಿಚ್ಚುದ್ರೆ ನಾನೇನ್ ಇಡ್ಕಳ್ಳಿ ಸಾ?"

ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಕಿಟಕಿಯ ಕಡೆ ತಿರುಗಿದೆ. ಜೇಬು ಹರಿದುಹೋಗದಿರಲಿ ಎಂದು ಮಂಡ್ಯ ಬರುವವರೆಗೂ ಗುಂಡನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.